ಕಡಲ ಅಧ್ಯಯನ ಕೇಂದ್ರ ಮರಳಿನ ಮೇಲೆ ಬೇಡ

ಮಾನ್ಯ ಸಂಪಾದಕರೇ,

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೊನ್ನಾವರದ ಅಪ್ಸರಕೊಂಡ–ಮುಗಳಿ ತೀರ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮವಾಯಿತು. ಮುರುಡೇಶ್ವರದೆದುರಿನ ನೇತ್ರಾಣಿಯ ಹವಳಗಳನ್ನು ನೋಡಲು ಮುಳುಗುಗಾರರು ದೂರದೂರಿನಿಂದ ಬರುತ್ತಿದ್ದಾರೆ. ಉತ್ತರ ಕನ್ನಡದ ಈ ಮೂರೂ ತಾಣಗಳನ್ನು ಒಟ್ಟಾಗಿ, ವರ್ಷವಿಡೀ ಗಮನಿಸುವ ಅಧ್ಯಯನ ಮತ್ತು ಸಂರಕ್ಷಣಾ ಕೇಂದ್ರವೊಂದು ಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನನ್ನ ತಕರಾರಿರುವುದು ಇಂಥ ಕೇಂದ್ರವೆಂದೊಡನೆ ಅಲೆಗಳಿಗೆ ಮುಖಮಾಡಿದ ಗಾಜಿನ ಕಟ್ಟಡವನ್ನೇ ಕಲ್ಪಿಸಿಕೊಳ್ಳುವ ನಮ್ಮ ಅಭ್ಯಾಸದ ಬಗ್ಗೆ.

ನಮ್ಮ ತೀರದ ಮರಳು ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲದ ಅಲೆಗಳು ಅದನ್ನು ಕಡಲೊಳಗೆ ಎಳೆದುಕೊಂಡು, ಮಳೆ ಮುಗಿದ ಮೇಲೆ ನಿಧಾನವಾಗಿ ಮರಳಿಸುತ್ತವೆ. ಈ ಓಡಾಟದ ನಡುವೆ ಕಟ್ಟಡವೊಂದು ಎದ್ದರೆ ಅದನ್ನು ಉಳಿಸಲು ಕಲ್ಲಿನ ತಡೆಗೋಡೆ ಬೇಕಾಗುತ್ತದೆ, ಆ ಗೋಡೆಯಿಂದ ಪಕ್ಕದ ಮೀನುಗಾರರ ಕೇರಿಯಲ್ಲಿ ಕೊರೆತ ಶುರುವಾಗುತ್ತದೆ. ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆಯು ಜನದಟ್ಟಣೆಯಿರುವ ಗ್ರಾಮೀಣ ತೀರಗಳಲ್ಲಿ ನಿರ್ಮಾಣ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿದೆ ನಿಜ. ಕಾನೂನು ಬಿಟ್ಟುಕೊಟ್ಟಷ್ಟನ್ನೂ ಸಂರಕ್ಷಣೆಯ ಹೆಸರಿನ ಕೇಂದ್ರವೇ ಬಳಸಿಕೊಳ್ಳಬೇಕೆಂದೇನೂ ಇಲ್ಲ. ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ಇದೇ ದಂಡೆಯಲ್ಲಿ, ರಾತ್ರಿ ಗೂಡಿನಿಂದ ಹೊರಬಿದ್ದ ಮರಿಗಳು ಬೆಳಕು ಹೆಚ್ಚಿರುವ ಕಡೆಗೆ ತೆವಳುತ್ತವೆ. ಕೇಂದ್ರದ ವರಾಂಡದ ಒಂದು ದೀಪ ಸಾಕು, ಅವು ಕಡಲನ್ನು ಬಿಟ್ಟು ರಸ್ತೆಯ ದಾರಿ ಹಿಡಿಯುತ್ತವೆ.

ಆದ್ದರಿಂದ ಪ್ರಯೋಗಾಲಯ, ವಸತಿ, ಕಚೇರಿಗಳು ಹೆದ್ದಾರಿಯತ್ತಣ ಎತ್ತರದ ಚಿರೆಕಲ್ಲಿನ ನೆಲದಲ್ಲಿರಲಿ. ದಂಡೆಯಲ್ಲಿ ಮರಳನ್ನು ಹಿಡಿದಿಡುವ ಬಂಗಡೆ ಬಳ್ಳಿಯನ್ನು ಕೀಳದೆ, ಬೇಕೆಂದಾಗ ಬಿಚ್ಚಿ ತೆಗೆಯಬಹುದಾದ ಮರದ ಚಪ್ಪರವೊಂದು ಸಾಕು. ದೋಣಿಗೆ ಹೊಸ ಜೆಟ್ಟಿ ಬೇಡ, ತದಡಿ ಮತ್ತು ಹೊನ್ನಾವರದ ಮೀನುಗಾರಿಕಾ ಬಂದರುಗಳಿವೆ. ಉಪ್ಪುಗಾಳಿಗೆ ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಸ್ಲ್ಯಾಬಿನ ತಳ ಚಕ್ಕೆಚಕ್ಕೆಯಾಗಿ ಉದುರುವುದನ್ನು ತೀರದ ಯಾವ ಊರಿನಲ್ಲಾದರೂ ನೋಡಬಹುದು. ಚಿರೆಕಲ್ಲಿನ ಗೋಡೆ, ಹೆಂಚಿನ ಇಳಿಜಾರು ಮಾಡು, ಅಗಲವಾದ ಜಗುಲಿ ನಮ್ಮ ಮಳೆಗೂ ಸೆಕೆಗೂ ಒಗ್ಗಿದವು. ಪ್ರಯೋಗಾಲಯದ ತೊಟ್ಟಿಗಳಿಂದ ಹೊರಬೀಳುವ ನೀರು ಮಾತ್ರ ಶುದ್ಧವಾಗದೆ ಅಳಿವೆ ಸೇರಕೂಡದು.

ಕಟ್ಟಡದಲ್ಲಿ ಉಳಿಸಿದ ಹಣ ದೋಣಿಯ ಡೀಸೆಲ್ಲಿಗೂ ಸಿಬ್ಬಂದಿಯ ಸಂಬಳಕ್ಕೂ ಹೋಗಲಿ. ದುಬಾರಿ ಉಪಕರಣಗಳನ್ನೆಲ್ಲ ಇಲ್ಲಿ ಮತ್ತೆ ಕೊಳ್ಳುವ ಬದಲು, ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗದ ಜೊತೆಗೂ, ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ, ಮಂಗಳೂರು ಘಟಕಗಳ ಜೊತೆಗೂ ಹಂಚಿಕೊಳ್ಳಬಹುದು. ಆದರೆ ದಿನನಿತ್ಯದ ದಾಖಲೆಯನ್ನು ಬೇರೆ ಊರಿನಿಂದ ಮಾಡಲಾಗದು. ಮಳೆಗಾಲದಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ ಸಿಹಿಯಾಗಿಬಿಡುವಾಗ ಬಳಚು ಎಂಬ ಚಿಪ್ಪುಜೀವಿ ಎಷ್ಟು ಉಳಿಯಿತು, ಮಳೆ ಕಡಿಮೆಯಾದಾಗ ಅಳಿವೆಯಂಚಿನ ತಗ್ಗುನೆಲವಾದ ಗಜನಿಯಲ್ಲಿ ಉಪ್ಪು ತಾಳುವ ಕಗ್ಗ ಭತ್ತದ ಗದ್ದೆಗೆ ಉಪ್ಪುನೀರು ಎಷ್ಟು ನುಗ್ಗಿತು ಎಂಬುದನ್ನೆಲ್ಲ ಆಗಲೇ, ಅಲ್ಲೇ ಬರೆದಿಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಂತಿರುವಾಗ, ಇಂಥ ಕೆಲಸಕ್ಕೆ ಸಂಬಳ ಕೊಟ್ಟು ದೋಣಿ ಕಾರ್ಮಿಕರನ್ನೇ ತೊಡಗಿಸಬಹುದಲ್ಲ! ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಕಾಲಬೆರಳಿನಿಂದಲೇ ಬಳಚು ಇರುವ ಜಾಗ ಗುರುತಿಸುವ ಹೆಂಗಸರು ಹೇಳುವ ಲೆಕ್ಕಕ್ಕೂ ಕೇಂದ್ರದ ದಾಖಲೆಯಲ್ಲಿ ಕಾಲಮ್ಮು ಇರಬೇಕು, ಅವರಿಗೆ ಆಡಳಿತ ಸಮಿತಿಯಲ್ಲಿ ಕುರ್ಚಿಯೂ ಇರಬೇಕು.

ಇಂಥ ಯಾವುದೇ ಯೋಜನೆಯ ನಕ್ಷೆ ಮತ್ತು ವೆಚ್ಚದ ವಿವರವನ್ನು ಟೆಂಡರ್ ಕರೆಯುವ ಮೊದಲು ಕನ್ನಡದಲ್ಲಿ ಪ್ರಕಟಿಸಿ, ಆಯಾ ಗ್ರಾಮಸಭೆಗಳ ಮುಂದೆ ಇಡಬೇಕೆಂದು ಜಿಲ್ಲಾಡಳಿತವನ್ನೂ ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಕುಮಟಾ ತಾಲ್ಲೂಕಿನ ಒಬ್ಬ ಓದುಗ