ಬಿಳಿ ಸಾಂಗ್ರಿಯಾ ಬಾಟಲಿಯಲ್ಲಿ ಇನ್ನು ಸೋಡಾ ಇಲ್ಲ, ಹಣ್ಣೂ ಇಲ್ಲ

ಪ್ರಿಯ ಗ್ರಾಹಕರೇ, ನಮಸ್ಕಾರ.

ವಿಷಯ ತಲೆಬರಹದಲ್ಲೇ ಇದೆ. ಸಾಂಗ್ರಿಯಾ ಅಂದರೆ ವೈನಿಗೆ ಹಣ್ಣಿನ ಹೋಳು ಹಾಕಿ, ಸೋಡಾ ಬೆರೆಸಿ ಕುಡಿಯುವ ತಂಪು ಪಾನೀಯ. ಈ ಬೇಸಿಗೆಯಿಂದ ಬಾಟಲಿಯೊಳಗೆ ಬಿಳಿ ವೈನ್, ಕಿತ್ತಳೆ ಲಿಕರ್ (ಕಿತ್ತಳೆ ಘಮದ ಸಿಹಿ ಮದ್ಯ), ಸಕ್ಕರೆ ಪಾಕ, ಸಿಪ್ಪೆಯ ಘಮ, ಇಷ್ಟೇ. ಸೋಡಾ ಬೆರೆಸಿ ಹಣ್ಣು ಹೆಚ್ಚಿ ಹಾಕುವ ಕೆಲಸ ನಿಮ್ಮದು. ಇದನ್ನು ಮೊದಲೇ ತಿಳಿಸದೆ ಬಾಟಲಿ ಕಳಿಸಿದ್ದು ಮಾತ್ರ ನಮ್ಮ ತಪ್ಪು. ಬಾಟಲಿ ಅಲುಗಾಡಿಸಿ ನೋಡಿ "ಹಣ್ಣೆಲ್ಲಿ?" ಅಂತ ಫೋನ್ ಮಾಡಿದವರೆಲ್ಲರ ಕ್ಷಮೆ ಕೇಳುತ್ತೇವೆ.

ಕಳೆದ ಬೇಸಿಗೆಯಲ್ಲಿ ಒಬ್ಬರ ಮನೆಯ ಕೂಟಕ್ಕೆ ಹನ್ನೆರಡು ಬಾಟಲಿ ಹೋಗಿತ್ತು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಎರಡು ಗಂಟೆ ಇದ್ದವು. ಮೊದಲನೆಯದರ ಮುಚ್ಚಳ ತಿರುಗಿಸಿದ್ದೇ ತಡ, ಅರ್ಧ ಬಾಟಲಿ ನೊರೆಯಾಗಿ ಮೇಜುಬಟ್ಟೆಯ ಮೇಲೆ. ಸೇಬಿನ ಹೋಳೊಂದು ಮನೆಯೊಡತಿಯ ಕನ್ನಡಕಕ್ಕೆ ಅಂಟಿಕೊಂಡಿತ್ತು. ದ್ರವ ಬಿಸಿಯಾದಷ್ಟೂ ಗ್ಯಾಸ್ ಅದರಲ್ಲಿ ನಿಲ್ಲುವುದಿಲ್ಲ, ಮುಚ್ಚಳಕ್ಕೆ ಒತ್ತುತ್ತದೆ. ಉಳಿದ ಹನ್ನೊಂದನ್ನು ಹೆದರಿ ಹೆದರಿ ತೆಗೆಯುವಷ್ಟರಲ್ಲಿ ಗ್ಯಾಸೆಲ್ಲ ಹೋಗಿ ಸಪ್ಪೆಯಾಗಿತ್ತು. ಅವರು ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಹಣ್ಣಿನದು ಇನ್ನೊಂದು ಕಥೆ. ನಿಂಬೆ, ಕಿತ್ತಳೆ ಬಿಲ್ಲೆಗಳು ವೈನಿನಲ್ಲಿ ನಾಲ್ಕೈದು ಗಂಟೆ ನೆಂದರೆ ಚೆನ್ನ. ಒಂದು ದಿನ ದಾಟಿದರೆ ಸಿಪ್ಪೆಯೊಳಗಿನ ಬಿಳಿ ಪದರ ಕಹಿ ಬಿಡುತ್ತದೆ. ಪೀಚ್ ಕರಗಿ ಗಸಿಯಾಗುತ್ತದೆ. ಹಾಗಾಗಿ ಈಗ ಸಿಪ್ಪೆಯ ಬಣ್ಣದ ಭಾಗವನ್ನಷ್ಟೇ ಕೈಯಲ್ಲಿ ಹೆರೆದು ಲಿಕರ್‌ನಲ್ಲಿ ನೆನೆಸಿ ಸೋಸುತ್ತೇವೆ.

ಇನ್ನು ಎಲ್ಲರ ಬಾಯಲ್ಲೂ ಇರುವ ಮಾತು: "ಸೋಡಾ ತೆಗೆದಿರಿ, ಹಣ್ಣು ತೆಗೆದಿರಿ, ರೇಟು ಮಾತ್ರ ಇಳಿಸಲಿಲ್ಲ." ಇದನ್ನು ಕೇಳಿ ಕೇಳಿ ಸಾಕಾಗಿದೆ. ಲೆಕ್ಕ ಮುಂದಿಡುತ್ತೇವೆ, ನೀವೇ ನೋಡಿ. ಹಳೆಯ ಒಂದು ಲೀಟರ್ ಬಾಟಲಿಯಲ್ಲಿ ವೈನ್ ಇದ್ದದ್ದು 600 ಮಿ.ಲೀ. ಲಿಕರ್ 50, ಪಾಕ 50, ಸೋಡಾ 200, ಉಳಿದ ಜಾಗ ಹಣ್ಣಿನದು. ಈಗ ವೈನ್ 860, ಲಿಕರ್ 70, ಪಾಕ 70. ಇಡೀ ಬಾಟಲಿಯಲ್ಲಿ ಅತಿ ಅಗ್ಗದ ವಸ್ತು ಯಾವುದು? ಸೋಡಾ. ಅದನ್ನು ತೆಗೆದು ಆ ಜಾಗಕ್ಕೆ ವೈನ್ ತುಂಬಿದವರಿಗೆ ಕಳ್ಳರೆಂಬ ಹೆಸರು! ಮೊದಲು ಒಂದು ಬಾಟಲಿಗೆ 150 ಮಿ.ಲೀ.ನ ಆರು ಗ್ಲಾಸ್ ಬರುತ್ತಿತ್ತು. ಈಗ 300 ಮಿ.ಲೀ. ಸೋಡಾ ಬೆರೆಸಿದರೆ ಎಂಟು ತುಂಬಿ ಮಿಗುತ್ತದೆ. ಒತ್ತಡ ತಡೆಯುವ ದಪ್ಪ ಗಾಜು ಬೇಡವಾಗಿ ಉಳಿದ ಕಾಸು ಸಿಪ್ಪೆ ಹೆರೆಯುವವರ ಕೂಲಿಗೆ ಹೋಯಿತು. ಒಂದು ಕಿತ್ತಳೆಯನ್ನು ಬಿಳಿ ಪದರ ತಾಗದಂತೆ ಹೆರೆದು ನೋಡಿ, ಆಮೇಲೆ ಮಾತಾಡೋಣ.

"ಹಣ್ಣಿನ ಮರೆಯಲ್ಲಿ ಹುಳಿ ಬಂದ ವೈನ್ ಸಾಗಿಸುತ್ತಿದ್ದರು" ಅಂದವರೂ ಇದ್ದಾರೆ. ಈಗ ಮರೆಯೇ ಇಲ್ಲವಲ್ಲ. ಸಿಹಿಯಿಲ್ಲದ, ಓಕ್ ಪೀಪಾಯಿ ಸೋಕದ ಸೊವಿನ್ಯೋ ಬ್ಲಾಂ, ಪಿನೋ ಗ್ರಿಜಿಯೋ, ಈ ಎರಡು ಬಗೆಯ ಬಿಳಿ ವೈನನ್ನೇ ಬಳಸುತ್ತೇವೆ. ಓಕಿನ ವೈನಿಗೆ ನಿಂಬೆ ಹೊಂದುವುದಿಲ್ಲ.

ಒಂದು ಮಾತು ದಯವಿಟ್ಟು ಗಮನಿಸಿ. ಬಾಟಲಿಯಲ್ಲಿರುವುದು ಗಟ್ಟಿ, ಸುಮಾರು ಶೇ. 13 ಆಲ್ಕೋಹಾಲ್. ಹೇಳಿದಷ್ಟು ಸೋಡಾ ಬೆರೆಸಿದರೆ ಶೇ. 10ರ ಆಸುಪಾಸು, ಅಂದರೆ ಹಳೆಯದರಷ್ಟೇ. ಹಾಗೇ ಬಗ್ಗಿಸಿಕೊಂಡು ಕುಡಿದು "ಈ ಸಲ ಜೋರಾಗಿದೆ" ಅನ್ನಬೇಡಿ. ನೆಂದ ಹಣ್ಣೂ ವೈನ್ ಹೀರಿರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಮಾಡುವುದು ಸುಲಭ. ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಅತಿಥಿಗಳು ಬರುವ ಮೂರು ಗಂಟೆ ಮೊದಲು ಜಗ್ಗಿಗೆ ಸುರಿದು ಪೀಚ್, ಹಸಿರು ಸೇಬು, ಒಂದು ನಿಂಬೆಯ ತೆಳು ಬಿಲ್ಲೆ ಹಾಕಿ. ಸೇಬಿನ ಹೋಳಿಗೆ ನಿಂಬೆರಸ ಸವರಿದರೆ ಕಂದಾಗುವುದಿಲ್ಲ. ಸಿಹಿ ಸಾಲದಿದ್ದರೆ ಪಾಕವನ್ನೇ ಹಾಕಿ. ತಣ್ಣಗಿನ ವೈನಿನಲ್ಲಿ ಸಕ್ಕರೆ ಕರಗದೆ ತಳ ಸೇರುತ್ತದೆ. ಐಸ್ ಬದಲು ಫ್ರೀಜರ್‌ನಲ್ಲಿಟ್ಟ ದ್ರಾಕ್ಷಿ ಹಾಕಿದರೆ ನೀರಾಗುವುದಿಲ್ಲ. ಸೋಡಾ ಕೊನೆಗೆ, ಗ್ಲಾಸಿಗೇ. ಜಗ್ಗಿಗೆ ಮೊದಲೇ ಸುರಿದರೆ ನಮ್ಮ ಹಳೆಯ ಬಾಟಲಿಯ ಗತಿಯೇ.

ಹಳೆಯ ತರಹದ್ದೇ ಬೇಕೆಂದು ಹಟ ಹಿಡಿದವರು ಮೂರ್ನಾಲ್ಕು ಜನ ಇದ್ದಾರೆ, ಯಾರೆಂದು ಅವರಿಗೆ ಗೊತ್ತು. ಅಂದೇ ಬಂದು ಅಂದೇ ಒಯ್ಯುವುದಾದರೆ ಹಣ್ಣು ಹೆಚ್ಚಿ, ಎದುರಿಗೇ ಸೋಡಾ ಬೆರೆಸಿ ಕೊಡುತ್ತೇವೆ. ಕಾರಿನಲ್ಲಿ ಮಾತ್ರ ಇಡಬೇಡಿ. ಮತ್ತೆ ಹೊಸ ಬಾಟಲಿ ಯಾರಿಗಾದರೂ ಕಹಿ ಅನಿಸಿದರೆ ವಾಪಸ್ ತನ್ನಿ, ಅರ್ಧ ಖಾಲಿಯಾಗಿದ್ದರೂ ಸರಿ. ನಿಮ್ಮೆದುರೇ ಒಂದು ಗುಟುಕು ಕುಡಿದು ನೋಡಿ ಬೇರೆ ಬಾಟಲಿ ಕೊಡುತ್ತೇವೆ.

ಇಂತಿ ನಿಮ್ಮ,
ಅಂಗಡಿಯವರು