ತರಬೇತಿ ಮುಗಿದ ಮೇಲೆ ಯಾರನ್ನು ಕೇಳಬೇಕು?

ಮಾನ್ಯ ಸಂಪಾದಕರೇ,

ಹಳ್ಳಿಯ ಯುವತಿಯರು ಸ್ವಂತ ಉದ್ಯಮ ಮಾಡಲಿ, ಅದಕ್ಕೆ ಬೇಕಾದ ಡಿಜಿಟಲ್ ಕೌಶಲ ಕಲಿಯಲಿ ಅಂತ ವಿದೇಶಿ ಸಂಸ್ಥೆಗಳು ನಮ್ಮ ದೇಶದ ಸಂಸ್ಥೆಗಳ ಜೊತೆ ಕೈಜೋಡಿಸುತ್ತಿರುವುದು ಸಂತೋಷದ ವಿಚಾರ. ನಾನು ತುಮಕೂರು ಜಿಲ್ಲೆ ಕೊರಟಗೆರೆ ತಾಲ್ಲೂಕಿನ ಮಹಿಳಾ ಸಂಘವೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು. ಇಂಥ ತರಬೇತಿ ಪಡೆದ ಹುಡುಗಿಯರು ನಮ್ಮ ಸಂಘದಲ್ಲೂ ಇದ್ದಾರೆ. ಅವರ ಪರವಾಗಿ ಒಂದು ಮಾತು ಹೇಳಬೇಕು. ಸರ್ಟಿಫಿಕೇಟ್ ಕೊಟ್ಟ ದಿನಕ್ಕೇ ಯೋಜನೆ ಮುಗಿಯಬಾರದು. ಆಮೇಲೆ ಒಂದು ವರ್ಷವಾದರೂ, ಕಷ್ಟ ಬಂದಾಗ ಹೋಗಿ ಕೇಳಲು ಹತ್ತಿರದಲ್ಲೇ ಒಬ್ಬರು ಇರಬೇಕು.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲೊಬ್ಬಳು ಹುಣಸೆಕಾಯಿ ತೊಕ್ಕು ಮಾಡಿ ಮಾರುತ್ತಾಳೆ. ಡಿಗ್ರಿ ಓದಿದ ಹುಡುಗಿ. ನಮ್ಮ ಕಡೆ ಹುಣಸೆಗೇನೂ ಕೊರತೆಯಿಲ್ಲ. ಬೀಜ ಬಲಿಯುವ ಮುಂಚೆ ಕಾಯಿ ತಂದು, ಉಪ್ಪು, ಅರಿಶಿನ, ಮೆಂತ್ಯ, ಮೆಣಸಿನಕಾಯಿ ಹಾಕಿ ಒರಳಲ್ಲೇ ಕುಟ್ಟುತ್ತಾಳೆ. ತರಬೇತಿಯಲ್ಲಿ ಅವಳಿಗೆ ಚೆನ್ನಾಗಿಯೇ ಹೇಳಿಕೊಟ್ಟಿದ್ದಾರೆ. ನೆರಳಲ್ಲಿ ಬಿಳಿ ಬಟ್ಟೆ ಹಾಸಿ ಬಾಟಲಿಯ ಫೋಟೊ ತೆಗೆಯುವುದು, ಖರ್ಚು ಲೆಕ್ಕ ಹಾಕಿ ಬೆಲೆ ಕಟ್ಟುವುದು, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡುವುದು, ಎಲ್ಲ ಅವಳಿಗೆ ಬರುತ್ತೆ. ಆ ಫೋಟೊ ನೋಡಿದರೇ ಬಾಯಲ್ಲಿ ನೀರೂರುತ್ತೆ.

ಕಷ್ಟ ಶುರುವಾಗಿದ್ದು ಆಮೇಲೆ. ಆನ್‌ಲೈನ್‌ನಲ್ಲಿ ಮಾರಲು ಖಾತೆ ತೆರೆಯೋಣ ಅಂದರೆ ಆಧಾರ್‌ನಲ್ಲಿ ಹೆಸರಿನ ಜೊತೆ ಇನಿಷಿಯಲ್ ಇದೆ, ಪಾಸ್‌ಬುಕ್‌ನಲ್ಲಿ ಇಲ್ಲ. ಒಟಿಪಿ ಹೋಗುವುದು ಅಣ್ಣನ ಮೊಬೈಲಿಗೆ. ಅವನು ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಡ್ಯೂಟಿಯಲ್ಲಿರುತ್ತಾನೆ. ಅವನು ನೋಡಿ ಹೇಳುವಷ್ಟರಲ್ಲಿ ಟೈಮ್ ಮುಗಿದಿರುತ್ತೆ. ತಿನ್ನುವ ಪದಾರ್ಥ ಮಾರಲು ಆಹಾರ ಸುರಕ್ಷತೆಯ ನೋಂದಣಿ ಬೇಕು. ಸಣ್ಣ ವಹಿವಾಟಿನವರಿಗೆ ಅದರ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಅದನ್ನು ಮಾಡಿಸಿಕೊಡುತ್ತೇನೆ ಅಂದವರೊಬ್ಬರು ಅದರ ಹತ್ತಾರು ಪಟ್ಟು ಕೇಳಿದರು. ಜಿಎಸ್‌ಟಿ ಇಲ್ಲದೆ ಆನ್‌ಲೈನ್ ಮಾರಾಟವೇ ಆಗದು ಅಂತ ಇನ್ನೊಬ್ಬರು ಹೆದರಿಸಿದರು. ಮೊದಲು ಹಾಗೇ ಇತ್ತು, ನಿಜ. ಆದರೆ ರಾಜ್ಯದೊಳಗೇ ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್‌ನಿಂದ ವಿನಾಯಿತಿ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕು. ಇದನ್ನು ಅವಳಿಗೆ ಹೇಳುವವರು ಯಾರು?

ಅಂತೂ ಹೇಗೋ ಖಾತೆ ತೆರೆದು ಮಾರಲು ಶುರು ಮಾಡಿದಳು. ಬೆಂಗಳೂರಿಗೆ ಕಳಿಸಿದ ಒಂದು ಬಾಟಲಿ ದಾರಿಯಲ್ಲಿ ಒಡೆದು ವಾಪಸ್ ಬಂತು. ದುಡ್ಡೂ ಕಡಿತವಾಯಿತು. ಯಾತಕ್ಕೆ ಎಷ್ಟು ಹಿಡಿದರು ಅಂತ ನೋಡಲು ಹೋದರೆ ಪುಟದ ತುಂಬ ಇಂಗ್ಲಿಷ್. ಈಗ ಅವಳು ಗುರುತು ಪರಿಚಯದವರಿಗೆ ಮಾತ್ರ ಮಾರುತ್ತಿದ್ದಾಳೆ. ಇಷ್ಟು ಬುದ್ಧಿವಂತ ಹುಡುಗಿ ಹೀಗೆ ಹಿಂದೆ ಸರಿದಿದ್ದು ನೋಡಿ ನನಗೆ ಸಂಕಟವಾಗುತ್ತೆ.

ದೊಡ್ಡ ಯೋಜನೆಗಳು ಸಾಕಷ್ಟು ಬಂದಿವೆ. ಅಮೆರಿಕದ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನವರು 2008ರಲ್ಲಿ ಶುರು ಮಾಡಿದ ಮಹಿಳಾ ಉದ್ಯಮಿಗಳ ಕಾರ್ಯಕ್ರಮ ಬೆಂಗಳೂರಿನ ಐಐಎಂವರೆಗೂ ಬಂತು. 2015ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ಮತ್ತು ಐಕಿಯಾ ಫೌಂಡೇಶನ್ ಸೇರಿ ಹತ್ತು ಲಕ್ಷ ಹೆಣ್ಣುಮಕ್ಕಳಿಗೆ ಕೌಶಲ ಕಲಿಸುವ ಗುರಿ ಇಟ್ಟುಕೊಂಡು ‘ದಿಶಾ’ ಆರಂಭಿಸಿದವು. ನನಗೆ ಜಾಸ್ತಿ ಹಿಡಿಸಿದ್ದು ಅದೇ ವರ್ಷ ಗೂಗಲ್ ಮತ್ತು ಟಾಟಾ ಟ್ರಸ್ಟ್ಸ್ ಶುರು ಮಾಡಿದ ‘ಇಂಟರ್ನೆಟ್ ಸಾಥಿ’. ಹಳ್ಳಿಯ ಹೆಣ್ಣುಮಗಳಿಗೇ ಕಲಿಸಿ, ಫೋನು ಮತ್ತು ಟ್ಯಾಬ್ ಇಟ್ಟ ಸೈಕಲ್ ಕೊಟ್ಟು, ಸುತ್ತಲಿನ ಊರುಗಳ ಹೆಂಗಸರ ಬಳಿಗೆ ಕಳಿಸಿದರು. ಕಲಿಸುವವಳು ತಮ್ಮವಳೇ ಆದರೆ ಹೆಂಗಸರು ಸಂಕೋಚ ಬಿಟ್ಟು ಕೇಳುತ್ತಾರೆ ಅಲ್ವಾ? ಇದರ ಅಗತ್ಯ ಇನ್ನೂ ಮುಗಿದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ದೇಶದ ಗಂಡಸರಲ್ಲಿ ನೂರಕ್ಕೆ 57, ಹೆಂಗಸರಲ್ಲಿ 33 ಮಾತ್ರ.

ನಮ್ಮಲ್ಲಿ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಲ್ಲಿ ಲೆಕ್ಕ ಬಲ್ಲ ಎಂಬಿಕೆಗಳಿದ್ದಾರೆ (ಮುಖ್ಯ ಪುಸ್ತಕ ಬರಹಗಾರರು). ಶಕ್ತಿ ಯೋಜನೆಯಿಂದ ಪಕ್ಕದ ಊರಿಗೆ ಹೋಗಿಬರಲು ಬಸ್ ಚಾರ್ಜಿನ ಚಿಂತೆಯೂ ಇಲ್ಲ. ತರಬೇತಿಯಲ್ಲಿ ಮುಂದಿದ್ದ ಹುಡುಗಿಯೊಬ್ಬಳನ್ನೇ ಆರಿಸಿ, ವಾರದಲ್ಲಿ ಎರಡು ದಿನ ಅರಿವು ಕೇಂದ್ರದಲ್ಲಿ ಕೂರಿಸಿ. ನೋಂದಣಿ, ಒಟಿಪಿ, ವಾಪಸ್ ಬಂದ ಮಾಲು, ಕೊರಿಯರ್, ಏನೇ ಆಗಲಿ, ಅವಳ ಪಕ್ಕ ಕೂತು ಮಾಡಿಕೊಳ್ಳುವಂತಿರಲಿ. ಅವಳಿಗೆ ಸರಿಯಾದ ಗೌರವಧನ ಕೊಡಿ. ಸೇವೆ ಅಂತ ಸುಮ್ನೆ ದುಡಿಸಿಕೊಳ್ಳುವುದು ಬೇಡ. ಪಾಠಗಳೂ ಕನ್ನಡದಲ್ಲಿರಲಿ, ಮತ್ತೆ ಮತ್ತೆ ನೋಡಿಕೊಳ್ಳಲು ವಿಡಿಯೊ ರೂಪದಲ್ಲಿರಲಿ.

ದುಡ್ಡು ಕೊಡುವ ಸಂಸ್ಥೆಗಳಲ್ಲೂ ಒಂದು ವಿನಂತಿ. ಎಷ್ಟು ಜನ ಕಲಿತರು ಅಂತ ಕೇಳುವ ಹಾಗೆಯೇ, ಒಂದು ವರ್ಷದ ಮೇಲೆ ಎಷ್ಟು ಜನ ವ್ಯಾಪಾರ ಮಾಡುತ್ತಿದ್ದಾರೆ ಅಂತಲೂ ಕೇಳಿ. ತರಬೇತಿಗೆ ಬಂದವರಿಗೆಲ್ಲ ಅವರ ಹೆಸರಿನಲ್ಲೇ ಒಂದು ಸಿಮ್ ಇದೆಯೇ ಅಂತ ಮೊದಲ ದಿನವೇ ನೋಡಿ.

ಜಿಲ್ಲಾ ಪಂಚಾಯಿತಿಯವರು ಇಂಥ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳುವಾಗ ಈ ಒಂದು ವರ್ಷದ ಬೆಂಬಲವನ್ನು ಷರತ್ತಾಗಿಯೇ ಬರೆಸಬೇಕು. ಕೊರಟಗೆರೆ, ಮಧುಗಿರಿ, ಪಾವಗಡ ತಾಲ್ಲೂಕುಗಳ ಕೆಲವು ಪಂಚಾಯಿತಿಗಳಲ್ಲಾದರೂ ಮೊದಲು ಶುರು ಮಾಡಲಿ. ಹುಡುಗಿಯರನ್ನು ಗುರುತಿಸಿ ಕೊಡುವ ಕೆಲಸಕ್ಕೆ ನಮ್ಮ ಸಂಘ ಸಿದ್ಧವಿದೆ.

ಇಂತಿ,
ಮಹಿಳಾ ಸಂಘದ ಸದಸ್ಯೆ
ಕೊರಟಗೆರೆ ತಾಲ್ಲೂಕು, ತುಮಕೂರು ಜಿಲ್ಲೆ