ಹಳದಿ ಹಾಳೆಗೆ ವರ್ಷ ತುಂಬಿತು: ಕಾಲು ಕಾಯ್ದವರಿಗೆ ಶರಣು

ಹುಬ್ಬಳ್ಳಿಯ ನಮ್ಮ ಸರ್ಜರಿ ವಾರ್ಡಿನಲ್ಲಿ ಹೊಟ್ಟೆ ಆಪರೇಷನ್ನಿನ ಪ್ರತಿ ಫೈಲಿಗೂ ಒಂದು ಹಳದಿ ಹಾಳೆ ಸೇರತೊಡಗಿ ಈ ವಾರಕ್ಕೆ ಒಂದು ವರ್ಷ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಯಾರು, ಯಾವ ಹೊತ್ತಿಗೆ, ಏನು ಮಾಡಬೇಕು ಅನ್ನುವುದಷ್ಟೇ ಅದರಲ್ಲಿದೆ. ಸಹಿ ಡಾಕ್ಟರದು, ದುಡಿಮೆ ಬೇರೆಯವರದು. ಈ ಬರಹ ಆ ಬೇರೆಯವರಿಗೆ.

‘ಕೊಯ್ಯೂದು ಹೊಟ್ಟಿ, ಕಾಲಿಗ್ಯಾಕ್ರೀ ಈ ಪಟ್ಟಿ?’ ಎಂದು ಕೇಳದ ರೋಗಿ ಅಪರೂಪ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಅರಿವಳಿಕೆ ಕೊಟ್ಟ ಕೂಡಲೇ ಆ ಸ್ನಾಯು ಸಡಿಲಾಗಿ ಕಾಲಿನ ರಕ್ತ ನಿಂತ ನೀರಾಗುತ್ತದೆ. ದುರ್ಬೀನಿನ ಆಪರೇಷನ್ನಿನಲ್ಲಿ ಹೊಟ್ಟೆಗೆ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಗ್ಯಾಸ್ ತುಂಬುವುದರಿಂದ ಹೃದಯಕ್ಕೆ ಮರಳುವ ದೊಡ್ಡ ನಾಳವೂ ಅಮುಕುತ್ತದೆ. ಪಿತ್ತಕೋಶ ತೆಗೆಯುವಾಗ ತಲೆ ಮೇಲೆ, ಕಾಲು ಕೆಳಗೆ ಮಾಡಿ ಟೇಬಲ್ ವಾಲಿಸಿದರೆ ಇನ್ನಷ್ಟು. ಸಾಲದ್ದಕ್ಕೆ, ಗಾಯವಾದ ದೇಹ ತಾನಾಗಿಯೇ ರಕ್ತವನ್ನು ಬೇಗ ಹೆಪ್ಪುಗಟ್ಟಿಸಲು ಹೊರಡುತ್ತದೆ. ಅಲ್ಲಿ ಕಟ್ಟಿದ ಗರಣೆ (ರಕ್ತದ ಹೆಪ್ಪು) ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಸಂಚಕಾರ.

ಮೊದಲ ನಮಸ್ಕಾರ ಅಡ್ಮಿಷನ್ ದಿನವೇ ಅಂಕ ಹಾಕುವ ಹೌಸ್ ಸರ್ಜನ್‌ಗಳಿಗೆ. ಗರಣೆಯ ಅಪಾಯ ಅಳೆಯುವ ಕ್ಯಾಪ್ರಿನಿ ಲೆಕ್ಕದಲ್ಲಿ 41ರಿಂದ 60ರ ವಯಸ್ಸಿಗೆ 1, 61ರಿಂದ 74ಕ್ಕೆ 2, 75 ತುಂಬಿದರೆ 3. 45 ನಿಮಿಷ ಮೀರುವ ಆಪರೇಷನ್ನಿಗೆ 2, ಕ್ಯಾನ್ಸರಿಗೆ 2, ಹಿಂದೆ ಗರಣೆ ಕಟ್ಟಿದ್ದರೆ 3. ಒಟ್ಟು 5 ಆಯಿತೆಂದರೆ ಅಪಾಯ ಹೆಚ್ಚು ಎಂದೇ ಅರ್ಥ. ಕೂಡಿಸುವುದು ಸುಲಭ, ಕೇಳುವುದು ಕಷ್ಟ. ಗರ್ಭನಿರೋಧಕ ಮಾತ್ರೆಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳು ಔಷಧಿ ಎಂದು ಎಣಿಸುವುದೇ ಇಲ್ಲ. ‘ಗುಳಿಗಿ ಏನೂ ಇಲ್ರಿ’ ಅಂದುಬಿಡುತ್ತಾರೆ. ಅತ್ತೆ ಪಕ್ಕಕ್ಕೆ ಸರಿದ ಮೇಲೆ ಮತ್ತೊಮ್ಮೆ ಕೇಳಿದ ಹುಡುಗಿಯರಿಗೆ ವಿಶೇಷ ಕೃತಜ್ಞತೆ. ಈಸ್ಟ್ರೋಜನ್ ಹಾರ್ಮೋನು ಇರುವ ಮಾತ್ರೆಯಾದರೆ ಗರಣೆಯ ಅಪಾಯ ಹೆಚ್ಚು; ತುರ್ತಲ್ಲದ ಆಪರೇಷನ್ನಿಗೆ 4 ವಾರ ಮೊದಲೇ ನಿಲ್ಲಿಸಿ ಬೇರೆ ವಿಧಾನ ಹೇಳಬೇಕಾಗುತ್ತದೆ.

ಥಿಯೇಟರ್ ಟೆಕ್ನಿಷಿಯನ್ನರು ಗಾಳಿ ಪಂಪಿನ ಪಟ್ಟಿಯನ್ನು ಅರಿವಳಿಕೆಗೆ ಮೊದಲೇ ಕಟ್ಟುತ್ತಾರೆ. ಪಾದದ ನಾಡಿ ಮುಟ್ಟಿ ನೋಡಿ, ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಟ್ಟು, ನಳಿಗೆ ಕಾಲಿನಡಿ ಸಿಕ್ಕಿ ಚರ್ಮ ಒತ್ತದಂತೆ ಮೇಲ್ಭಾಗಕ್ಕೆ ತಿರುಗಿಸಿ. ಸುಮಾರು 40 ಮಿಲಿಮೀಟರ್ ಒತ್ತಡದಲ್ಲಿ ಹತ್ತು ಹನ್ನೆರಡು ಸೆಕೆಂಡು ಹಿಂಡಿ, ನಿಮಿಷದ ಉಳಿದ ಹೊತ್ತು ಸಡಿಲಿಸುವ ಯಂತ್ರ ಅದು. ಆದರೆ ಅದು ಕೈಕೊಡುವುದು ಥಿಯೇಟರಿನಲ್ಲಲ್ಲ, ವಾರ್ಡಿನಲ್ಲಿ. ಸ್ಟ್ರೆಚರಿನಿಂದ ಮಂಚಕ್ಕೆ ಇಳಿಸುವಾಗ ನಳಿಗೆ ಬಿಚ್ಚುತ್ತಾರೆ, ಮತ್ತೆ ಜೋಡಿಸುವುದು ಮರೆತುಹೋಗುತ್ತದೆ, ಯಂತ್ರ ಮಂಚದ ಕೆಳಗೆ ಸುಮ್ಮನೆ ಕೂತಿರುತ್ತದೆ. ದಿನಕ್ಕೆ 18 ತಾಸಾದರೂ ಓಡದಿದ್ದರೆ ಅದರ ಉಪಯೋಗ ಅಷ್ಟಕ್ಕಷ್ಟೆ. ರಾತ್ರಿ ನೆಲ ಒರೆಸುವಾಗ ಪಂಪಿನ ಸದ್ದಿಲ್ಲದ್ದನ್ನು ಗಮನಿಸಿ ಸಿಸ್ಟರನ್ನು ಕರೆವ ಆಯಾಗಳಿಗೆ ಏನು ಹೇಳಿದರೂ ಕಡಿಮೆಯೇ. ಕಾಲು ಈಗಾಗಲೇ ಬಾತಿದ್ದು ಗರಣೆಯ ಅನುಮಾನ ಇದ್ದರೆ ಮಾತ್ರ ಪಂಪು ಹಾಕಬಾರದು.

ಬಿಗಿ ಸ್ಟಾಕಿಂಗಿನ ಬಗ್ಗೆ ನಮಗೆ ಅಷ್ಟು ಮೋಹವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಸರಿಯಾಗಿ ಸಿಗುತ್ತಿದ್ದರೆ ಸ್ಟಾಕಿಂಗಿನಿಂದ ಸಿಗುವ ಹೆಚ್ಚುವರಿ ಲಾಭ ಕಡಿಮೆ. ಹಾಕುವುದಾದರೆ ಟೇಪು ಹಿಡಿದು ತೊಡೆ, ಮೀನಖಂಡ ಅಳೆದೇ ಹಾಕಬೇಕು. ಏಪ್ರಿಲ್ ಬಿಸಿಲಿಗೆ ಮಂದಿ ಅದನ್ನು ಮೊಣಕಾಲಿನ ತನಕ ಸುರುಳಿ ಸುತ್ತಿಕೊಳ್ಳುತ್ತಾರೆ; ಆಗ ಅದು ಕಾಲಿಗೆ ಬಿಗಿದ ರಬ್ಬರ್ ಬ್ಯಾಂಡು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ, ಪಾದದ ನಾಡಿ ಸಿಗದವರಿಗೆ ಬೇಡವೇ ಬೇಡ.

ರಾತ್ರಿ ಪಾಳಿಯ ಸಿಸ್ಟರ್‌ಗಳದು ದೊಡ್ಡ ಋಣ. ಆ ಇಂಜೆಕ್ಷನ್ ಎಂದರೆ ಎನಾಕ್ಸಾಪರಿನ್ 40 ಮಿಲಿಗ್ರಾಂ, ದಿನಕ್ಕೊಂದು ಸಲ, ನಿಗದಿಯಾದ ಹೊತ್ತಿಗೇ. ಹೊಕ್ಕಳಿನಿಂದ 5 ಸೆಂಟಿಮೀಟರ್ ಆಚೆ, ಹೊಲಿಗೆಯಿಂದ ದೂರ, ಒಂದು ದಿನ ಎಡಕ್ಕೆ ಒಂದು ದಿನ ಬಲಕ್ಕೆ. ಸಿರಿಂಜಿನಲ್ಲಿರುವ ಗಾಳಿಗುಳ್ಳೆ ಹೊರಹಾಕುವ ಅಭ್ಯಾಸ ಇಲ್ಲಿ ಬಿಡಬೇಕು. ಹಾಕಿದರೆ ಔಷಧಿಯೂ ಅದರ ಜೊತೆ ಸೋರುತ್ತದೆ. ಚರ್ಮದ ಮಡಿಕೆ ಹಿಡಿದು ಸೂಜಿ ನೆಟ್ಟಗೆ ಇಳಿಸಿ, ಔಷಧಿ ಪೂರ್ತಿ ಹೋಗುವವರೆಗೂ ಮಡಿಕೆ ಬಿಡದೆ, ತೆಗೆದ ಮೇಲೆ ಉಜ್ಜದೆ ಇರಬೇಕು. ಉಜ್ಜಿದಲ್ಲಿ ನೀಲಿಗಟ್ಟುತ್ತದೆ. ಮೂತ್ರಪಿಂಡ ತೀರಾ ಸೋತವರಿಗೆ ಈ ಪ್ರಮಾಣ ಸಲ್ಲದು. ಹೆಪಾರಿನ್ 5000 ಯೂನಿಟ್ ದಿನಕ್ಕೆ ಎರಡೋ ಮೂರೋ ಸಲ ಕೊಡುವುದು ಅದಕ್ಕಾಗಿ.

ಬೆನ್ನಿನಲ್ಲಿ ಎಪಿಡ್ಯೂರಲ್ ನಳಿಗೆ (ನೋವು ತಗ್ಗಿಸುವ ಔಷಧಿ ಬಿಡುವ ಸಣ್ಣ ಕೊಳವೆ) ಇದ್ದವರ ಫೈಲಿನಲ್ಲಿ ಗಡಿಯಾರವೇ ಯಜಮಾನ. ಇಂಜೆಕ್ಷನ್ ಕೊಟ್ಟು 12 ತಾಸು ಕಳೆಯದೆ ನಳಿಗೆ ತೆಗೆಯುವಂತಿಲ್ಲ, ತೆಗೆದು 4 ತಾಸಾಗದೆ ಮುಂದಿನದನ್ನು ಕೊಡುವಂತಿಲ್ಲ. ತಪ್ಪಿದರೆ ಬೆನ್ನುಹುರಿಯ ಪಕ್ಕ ರಕ್ತ ಕೂಡಿ ಕಾಲಿನ ಶಕ್ತಿ ಹೋಗಬಹುದು. ರಾತ್ರಿ 10ಕ್ಕೆ ಕೊಟ್ಟದ್ದನ್ನು ಕೆಂಪು ಶಾಯಿಯಲ್ಲಿ ಬರೆದು, ‘ನಾಳೆ ಮುಂಜಾನೆ 10ರ ತನಕ ಮುಟ್ಟಬ್ಯಾಡ್ರಿ’ ಎಂದು ಡಾಕ್ಟರಿಗೇ ತಾಕೀತು ಮಾಡುವ ಸಿಸ್ಟರ್ ನಮಗೆ ಬೇಕು.

ಎಬ್ಬಿಸಿ ನಡೆಸುವ ಫಿಜಿಯೋದವರಿಗೆ, ಅವರ ಮಾತು ಕೇಳಿದ ಮನೆಯವರಿಗೆ ಕೈಮುಗಿದು ಹೇಳುತ್ತೇವೆ. ಎಚ್ಚರವಿರುವ ಪ್ರತಿ ತಾಸಿಗೆ ಹತ್ತು ಸಲ ಪಾದ ಮೇಲೆ ಕೆಳಗೆ ಆಡಿಸುವುದು, ಸಾಧ್ಯವಾದರೆ ಅಂದೇ ಸಂಜೆ, ಇಲ್ಲವೇ ಮರುದಿನ ನಾಲ್ಕು ಹೆಜ್ಜೆ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಅದು ಅಡ್ಡಾಡಿದ ಲೆಕ್ಕವಲ್ಲ. ಮೊಣಕಾಲ ಕೆಳಗೆ ದಿಂಬು ಕೊಡುವ ಪ್ರೀತಿಯನ್ನೂ ತಡೆಯಬೇಕಾಯಿತು. ಎಲ್ಲಕ್ಕಿಂತ ಕಷ್ಟದ್ದು ಎಣ್ಣೆ ತಿಕ್ಕುವುದನ್ನು ಬಿಡಿಸುವುದು: ಒಂದೇ ಕಾಲು ಬಾತು ನೋಯುತ್ತಿದ್ದರೆ ತಿಕ್ಕಿದ ಕೈಯೇ ಗರಣೆಯನ್ನು ಕೀಳಬಹುದು. ಬಟ್ಟಲೆಣ್ಣೆ ಪಕ್ಕಕ್ಕಿಟ್ಟು ನಮ್ಮನ್ನು ಕರೆದ ಅಜ್ಜಿಯರು ದೊಡ್ಡವರು.

ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದ ಹಲವರಿಗೆ ಇಂಜೆಕ್ಷನ್ ಒಟ್ಟು 28 ದಿನ. ಅಂದರೆ ಬಹುಪಾಲು ಮನೆಯಲ್ಲೇ: ರೋಣದಲ್ಲಿ, ಸವಣೂರಿನಲ್ಲಿ, ಕಲಘಟಗಿಯಲ್ಲಿ. ಈ ಔಷಧಿ ಹಂದಿಯ ಕರುಳಿನ ಪೊರೆಯಿಂದ ತಯಾರಾಗುತ್ತದೆ ಎಂದು ಮೊದಲೇ ತಿಳಿಸುತ್ತೇವೆ. ಬೇಡ ಅಂದವರಿಗೆ ಪ್ರಾಣಿಮೂಲವಲ್ಲದ ಫೊಂಡಾಪರಿನಕ್ಸ್ ಆಗುತ್ತದೆಯೇ ಎಂದು ಡಾಕ್ಟರು ನೋಡುತ್ತಾರೆ. ಸೂಜಿ ಹಿಡಿಯಲು ಕಲಿತ ಮಕ್ಕಳು, ಸೊಸೆಯಂದಿರು, ಬಳಸಿದ ಸಿರಿಂಜನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ ಮರಳಿ ತಂದವರು, ಒಂದು ಮೀನಖಂಡ ಇನ್ನೊಂದಕ್ಕಿಂತ 3 ಸೆಂಟಿಮೀಟರ್ ದಪ್ಪಗಾದದ್ದನ್ನು ದಾರದಲ್ಲಿ ಅಳೆದು ಫೋನ್ ಮಾಡಿದವರು, ಏಕಾಏಕಿ ಉಸಿರು ಕಟ್ಟಿ ಎದೆ ನೋವು ಬಂದಾಗ ಬಸ್ಸಿಗೆ ಕಾಯದೆ 108ಕ್ಕೆ ಕರೆ ಮಾಡಿದವರು, ನಿಮಗೆಲ್ಲ ಶರಣು. ನಿಮ್ಮಲ್ಲಿ ಕೆಲವರ ಹಳದಿ ಹಾಳೆ ಇನ್ನೂ ಮನೆಯಲ್ಲೇ ಇದೆ. ಮುಂದಿನ ತಪಾಸಣೆಗೆ ಬರುವಾಗ ತನ್ನಿ, 28ನೇ ಚೌಕದ ಗುರುತು ನೋಡಿ ಫೈಲಿಗೆ ಸೇರಿಸುವುದಿದೆ.